ಲಗ್ನಪತ್ರಿಕೆಯ ಡಾ.

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗೂ ಹೆಸರಿಲ್ಲ, ಊರಿದೆ. ಶಿರಾ ಚಿಕ್ಕಪ್ಪ, ಗುಬ್ಬಿ ಅತ್ತೆ, ತಿಪಟೂರು ಮಾವ, ಕುಣಿಗಲ್ ಭಾವ. ಹೋದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಶಿರಾ ಚಿಕ್ಕಪ್ಪ ಒಂದು ಫಾರ್ವರ್ಡ್ ಬಿಟ್ಟರು.

"ಫಿಸಿಯೋಥೆರಪಿಸ್ಟ್‌ಗಳು ಇನ್ನು ಮುಂದೆ ಹೆಸರಿನ ಹಿಂದೆ ಮುಂದೆ ಎಲ್ಲೂ ಡಾ. ಹಾಕುವಂತಿಲ್ಲ. ಕೇಂದ್ರ ಸರ್ಕಾರದ ಆದೇಶ!! ಎಲ್ಲರಿಗೂ ಕಳಿಸಿ."

ಕೆಳಗೆ ಚಿಕ್ಕಪ್ಪನ ಸ್ವಂತ ಮಾತು: "ಅಂತೂ ಒಳ್ಳೇದಾಯ್ತು." ಜೊತೆಗೆ ಮೂರು ನಗುವ ಮುಖ.

ಗುಬ್ಬಿ ಅತ್ತೆಯ ಮಗಳು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಇದು ಚಿಕ್ಕಪ್ಪನಿಗೆ ಗೊತ್ತಿಲ್ಲದ್ದಲ್ಲ. ಅವರ ಮಗನ ಮದುವೆ ಹತ್ತಿರ ಬಂದಿತ್ತು. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಹುಡುಗಿಯ ಹೆಸರಿಗೆ ಡಾ. ಹಾಕಿಸಿ ಅಂತ ಅತ್ತೆ ಅವತ್ತು ಬೆಳಗ್ಗೆಯಷ್ಟೇ ಹೇಳಿದ್ದರು.

ಅತ್ತೆ: "ಅಣ್ಣ, ನನ್ನ ಫೋನ್ ನಂಬರ್ ನಿನ್ನ ಹತ್ರ ಇತ್ತಲ್ಲ?"

ಚಿಕ್ಕಪ್ಪ: "ನಾನೆಲ್ಲಿ ಯಾರ ಹೆಸರು ಹೇಳಿದೆ? ಬಂದಿದ್ದನ್ನ ಹಾಕಿದೆ."

ಈ ವಾಕ್ಯ ನಮ್ಮ ಗ್ರೂಪಿನ ನಾಡಗೀತೆ.

ಕುಣಿಗಲ್ ಭಾವ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗೌರಿಬಿದನೂರು ಕಡೆಯ ವಿಚಾರವಾದಿ, ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರ ಪರಮ ಅಭಿಮಾನಿ. "ಆದೇಶದ ಪ್ರತಿ ಎಲ್ಲಿ? ತಾರೀಖು ಯಾವುದು?" ಅಂತ ಕೇಳಿದರು. ಯಾರೂ ಉತ್ತರ ಕೊಡದಿದ್ದಾಗ ತಾವೇ ಹುಡುಕಿ ಹಾಕಿದರು.

"2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಇಂಥ ಪತ್ರ ಹೊರಟಿದ್ದು ನಿಜ. ರೋಗಿಗಳು ತಪ್ಪು ತಿಳಿಯುತ್ತಾರೆ ಅನ್ನೋದು ಅದರ ವಾದ. ಮರುದಿನವೇ, ಇನ್ನೂ ಪರಿಶೀಲಿಸಬೇಕು ಅಂತ ವಾಪಸ್ ತಗೊಂಡ್ರು. ಅದೇ ವರ್ಷ ಬಂದ ಹೊಸ ಪಠ್ಯಕ್ರಮದಲ್ಲಿ ಹೆಸರಿನ ಮುಂದೆ ಡಾ., ಕೊನೆಗೆ ಪಿಟಿ ಅಂತ ಹಾಕಬಹುದು ಅಂತಿತ್ತು. 2023ರ ಆಗಸ್ಟಲ್ಲೂ ಹೀಗೇ ಆಯ್ತು. ನೋಂದಾಯಿತ ವೈದ್ಯರು 'ಮೆಡ್ ಡಾ.' ಅಂತ ಹಾಕಬಹುದು ಅನ್ನೋ ನಿಯಮ ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಬಂತು. ಅದೇ ತಿಂಗಳು ಆ ನಿಯಮಾವಳಿಯನ್ನೇ ತಡೆಹಿಡಿದರು."

ಇಷ್ಟನ್ನೂ ಓದಿದವರು ಯಾರೂ ಇಲ್ಲ. ಅದರ ಕೆಳಗೇ ಶಿರಾ ಚಿಕ್ಕಮ್ಮನ ಗುಲಾಬಿ ಹೂವಿನ ಶುಭರಾತ್ರಿ ಬಂತು.

ಆಮೇಲೆ ತಿಪಟೂರು ಮಾವ 'ಟೈಪಿಂಗ್' ಅಂತ ತೋರಿಸತೊಡಗಿತು. ತುಂಬಾ ಹೊತ್ತು ತೋರಿಸಿತು. ಮಾವ ನಿವೃತ್ತ ಕನ್ನಡ ಲೆಕ್ಚರರ್. ಕಾಡುಗೊಲ್ಲರ ವೀರ ಜುಂಜಪ್ಪನ ಜನಪದ ಹಾಡುಗಳ ಮೇಲೆ ಪಿಎಚ್.ಡಿ. ಮಾಡಿದವರು. ಟೇಪ್ ರೆಕಾರ್ಡರ್ ಹೊತ್ತುಕೊಂಡು ಶಿರಾ ಸುತ್ತಲ ಗೊಲ್ಲರಹಟ್ಟಿಗಳನ್ನೆಲ್ಲ ಅಲೆದಿದ್ದಾರೆ. ಮನೆ ಗೇಟಿಗೆ ಡಾ. ಅಂತ ಬೋರ್ಡಿದೆ. ಅದನ್ನು ನೋಡಿ ಒಬ್ಬರು ರಾತ್ರೋರಾತ್ರಿ, ಹಸು ಈಯೋಕೆ ಕಷ್ಟಪಡ್ತಿದೆ ಬನ್ನಿ ಅಂತ ಕರೆದೊಯ್ದಿದ್ದರು. ಮಾವನಿಗೆ ಇಲ್ಲ ಅನ್ನಲು ಆಗಲಿಲ್ಲ. ಹೋಗಿ ಬ್ಯಾಟರಿ ಹಿಡಿದು ನಿಂತರು. ಹಸು ತಾನೇ ಈಯಿತು. ಅವತ್ತಿನಿಂದ ಆ ಬೀದಿಗೆ ಅವರು ದನದ ಡಾಕ್ಟ್ರು.

ಮಾವ: "ಯುರೋಪಿನ ಹಳೇ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರಕ್ಕೂ ಕಾನೂನಿಗೂ ಡಾಕ್ಟರ್ ಪದವಿ ಇತ್ತು. ವೈದ್ಯರ ಸ್ವಂತ ಆಸ್ತಿ ಅಲ್ಲ ಅದು. ಎಂಬಿಬಿಎಸ್ ಅಂದ್ರೆ ಬ್ಯಾಚುಲರ್ ಡಿಗ್ರಿ, ಗೊತ್ತಿರಲಿ. ಆದ್ರೂ ನಿಮ್ಮ ಗೃಹಪ್ರವೇಶದ ಪತ್ರಿಕೆಯಲ್ಲಿ ನನಗೆ ಬರೀ ಶ್ರೀ. ಪಕ್ಕದಲ್ಲಿ ಹಲ್ಲಿನ ಡಾಕ್ಟರಿಗೆ ಡಾ."

ಆ ಪತ್ರಿಕೆ ಬರೆಸಿದ್ದು ಶಿರಾ ಚಿಕ್ಕಪ್ಪ. ಕೇಂದ್ರ ಸರ್ಕಾರ ಅಲ್ಲಿಗೆ ಚರ್ಚೆಯಿಂದ ಹೊರಗೆ ಹೋಯಿತು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕ ನಡುವೆ ಒಂದು ಮಾತು ಹಾಕಿದಳು. "ಇಲ್ಲಿ ಸರ್ಜನ್‌ಗಳನ್ನ ಮಿಸ್ಟರ್ ಅಂತಾನೇ ಕರೀಬೇಕು. ಹಿಂದೆ ಸರ್ಜನ್‌ಗಳು ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ರು, ವಿಶ್ವವಿದ್ಯಾಲಯದ ಡಿಗ್ರಿ ಇರಲಿಲ್ಲ. ಈಗ ಆ ಮಿಸ್ಟರೇ ಮರ್ಯಾದೆ." ಚಿಕ್ಕಪ್ಪ ಇದನ್ನು ಕೂಡಲೇ ಹಿಡಿದುಕೊಂಡರು: "ನೋಡಿ, ಅದಕ್ಕೇ ಶ್ರೀ ಹಾಕಿದ್ದು!" ಮಾವ ಗ್ರೂಪ್ ಬಿಟ್ಟರು. ಕಾಲು ಗಂಟೆಯಲ್ಲಿ ಅವರ ಮಗ ವಾಪಸ್ ಸೇರಿಸಿದ.

ದೊಡ್ಡಪ್ಪನ ವಾಯ್ಸ್ ಮೆಸೇಜ್ ಬರದೆ ನಮ್ಮಲ್ಲಿ ಜಗಳ ಪೂರ್ತಿಯಾಗುವುದಿಲ್ಲ. "ಸಿದ್ಧಗಂಗೆಯ ದೊಡ್ಡ ಬುದ್ಧಿಯವರು, ಶಿವಕುಮಾರ ಸ್ವಾಮಿಗಳಿಗೆ 1965ರಲ್ಲೇ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತು. ಯಾರಾದ್ರೂ ಅವರನ್ನ ಡಾಕ್ಟ್ರೇ ಅಂತ ಕರೆದ್ರೇನ್ರಪ್ಪಾ? ಬುದ್ಧಿ ಅಂತಾನೇ ಕಾಲಿಗೆ ಬಿದ್ವಿ. ಬಿರುದು ಇರೋದು ಹೆಸರಲ್ಲಲ್ಲ, ಗುಣದಲ್ಲಿ..." ಹೀಗೇ ಮುಂದುವರಿಯಿತು.

ಭಾವ ಬಿಡುವವರಲ್ಲ. "ಬ್ಯಾನರಿನಲ್ಲಿ ಡಾ. ಶ್ರೀ ಶ್ರೀ ಅಂತಾನೇ ಇರ್ತಿತ್ತು ದೊಡ್ಡಪ್ಪ. ನಮ್ಮ ಎಚ್ಚೆನ್ ಅಮೆರಿಕದ ಓಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಮಾಡಿದ್ರು. ಎಲ್ಲರೂ ಎಚ್ಚೆನ್ ಅಂತಾನೇ ಕರೆದ್ರು."

ದೊಡ್ಡಪ್ಪ ಏನೋ ಹೇಳುವುದರೊಳಗೆ ಮಧುಗಿರಿ ತಮ್ಮ ಬಂದ. ಅವನು ಮಠದ ಹಾಸ್ಟೆಲಿನಲ್ಲಿ ಓದಿದವನು. "ಸಿದ್ಧಗಂಗೆ ಅಂದ್ರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆನಪಾಯ್ತು. ದುಡ್ಡಿಲ್ಲದೆ ಒಂದನ್ನ ಮೂವರು ಹಂಚ್ಕೊಂಡು ತಿಂತಿದ್ವಿ." ಅಷ್ಟೇ ಸಾಕಾಯಿತು. ಅದುವರೆಗೂ ಸುಮ್ಮನಿದ್ದವರೆಲ್ಲ ಎದ್ದು ಬಂದರು. ಯಾವ ಹೋಟೆಲು, ಮೇಲೆ ಬೆಣ್ಣೆ ಇರ್ತಿತ್ತಾ, ಈಗ ಇಡ್ಲಿ ಸಣ್ಣದಾಗಿದೆ, ಇಲ್ಲ ನಿನ್ನ ಹೊಟ್ಟೆ ದೊಡ್ಡದಾಗಿದೆ. ಅವತ್ತು ಅತಿ ಹೆಚ್ಚು ಮೆಸೇಜ್ ಬಂದಿದ್ದು ಇಡ್ಲಿಗೆ. ಕೊನೆಗೆ ಯಾರೋ, ಅಣ್ಣಾವ್ರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ಡಾ. ತೆಗೆಯೋಕೆ ಯಾರಿಗೆ ಧೈರ್ಯ ಇದೆ ಅಂತ ಕೇಳಿದರು. ಆ ಒಂದು ವಿಷಯದಲ್ಲಿ ಮಾತ್ರ ಒಮ್ಮತ.

ನನಗೆ ಕೇಳಿದರೆ, ಆಸ್ಪತ್ರೆ ಬೋರ್ಡಿನ ಡಾ.ಗೂ ಮದುವೆ ಪತ್ರಿಕೆಯ ಡಾ.ಗೂ ಸಂಬಂಧವೇ ಇಲ್ಲ. ಅಲ್ಲಿ ಮಾತ್ರೆ ಬರೆದುಕೊಡುವವರು ಯಾರು ಅಂತ ರೋಗಿಗೆ ಸರಿಯಾಗಿ ತಿಳಿಯಬೇಕು. ಇಲ್ಲಿ ಯಾರ ಮಗಳು ಎಷ್ಟು ಓದಿದ್ದಾಳೆ ಅಂತ ಬೀಗರಿಗೆ ತಿಳಿಯಬೇಕು. ಇದನ್ನು ಗ್ರೂಪಿನಲ್ಲಿ ಬರೆಯಲಿಲ್ಲ. ನನಗೂ ಮದುವೆ ಊಟ ಬೇಕಲ್ಲ.

ಇಷ್ಟಕ್ಕೆಲ್ಲ ಕಾರಣಳಾದ ಹುಡುಗಿ ಬರೆದದ್ದು ಒಂದೇ ಸಲ, ಮರುದಿನ ಬೆಳಗ್ಗೆ. "ನನಗೆ ಡಾ. ಬೇಡ ಶಿರಾ ಮಾವ. ಇನಿಷಿಯಲ್ ಸರಿ ಹಾಕ್ಸಿ. ಹೋದ ಮದುವೆಯಲ್ಲೂ ತಪ್ಪಾಗಿತ್ತು."

ಚಿಕ್ಕಪ್ಪನಿಗೆ ಸಾಕಾಗಿರಬೇಕು. ಹಲ್ಲಿನವರು, ಜುಂಜಪ್ಪನವರು, ಫಿಸಿಯೋದವರು, ಎಲ್ಲರಿಗೂ ಡಾ. ಹಾಕಿಸಿ ಕರಡನ್ನು ಗ್ರೂಪಿಗೆ ಕಳಿಸಿದರು. ಸಾಲಾಗಿ ಹೆಬ್ಬೆರಳುಗಳು ಬಂದವು. ಪತ್ರಿಕೆ ಅಚ್ಚಾಗಿ ಹಂಚಲು ಶುರುವಾದ ಮೇಲೆ ಐನೋರು ಫೋನ್ ಮಾಡಿದರು. ಮುಹೂರ್ತ ಇಟ್ಟುಕೊಟ್ಟಿದ್ದು ಭಾನುವಾರಕ್ಕೆ, ಪತ್ರಿಕೆಯಲ್ಲಿ ಸೋಮವಾರ ಯಾಕಿದೆ ಅಂತ.

ಈಗ ಕರಡು ನೋಡಿದ್ದು ಯಾರು ಅಂತ ಜಗಳ ನಡೀತಿದೆ. ಭಾವ ಸಾಕ್ಷಿಗೆ ಸ್ಕ್ರೀನ್‌ಶಾಟ್ ಹಾಕಿದ್ದಾರೆ. 'ಚೆಕ್ ಮಾಡಿದೆ, ಸರಿ ಇದೆ' ಅಂತ ಬರೆದ ಎಲ್ಲರೂ ಅದರಲ್ಲಿದ್ದಾರೆ, ಭಾವ ಒಬ್ಬರನ್ನು ಬಿಟ್ಟು. ಅವರ ಮೆಸೇಜು ಬರುವ ಜಾಗಕ್ಕೆ ಸರಿಯಾಗಿ ಸ್ಕ್ರೀನ್‌ಶಾಟ್ ಕತ್ತರಿಸಿದೆ.