ಬೂಷ್ಟು ತೆಗೆಯೋ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಬೇಕು? ಹ್ಯೂಸ್ಟನ್‌ನಿಂದ ಒಂದು ಪ್ರಶ್ನೆ

ಪ್ರಶ್ನೆ:
ಅಣ್ಣ, ನಮಸ್ಕಾರ. ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದೆ. ಗ್ರೀನ್ ಕಾರ್ಡ್ ಸಿಕ್ಕಿ ಹ್ಯೂಸ್ಟನ್‌ಗೆ ಬಂದು ಎಂಟು ತಿಂಗಳಾಯಿತು. ಸದ್ಯ ಗೋದಾಮಿನಲ್ಲಿ ರಾತ್ರಿ ಪಾಳಿ. ಮನೆಗಳಲ್ಲಿ ಮೋಲ್ಡ್, ಅಂದರೆ ಗೋಡೆಗೆ ಹಿಡಿದ ಬೂಷ್ಟು, ತೆಗೆಯೋ ಕೆಲಸಕ್ಕೆ ಇಲ್ಲಿ ಬೇಡಿಕೆ ಇದೆ ಅಂತ ಗೆಳೆಯರು ಹೇಳ್ತಾರೆ. ಒಂದು ಆನ್‌ಲೈನ್ ಕೋರ್ಸ್ ನೋಡಿದೆ. ಎರಡು ದಿನದಲ್ಲಿ ‘ಸರ್ಟಿಫೈಡ್’ ಆಗಬಹುದಂತೆ. ದುಡ್ಡು ಕಟ್ಟಲಾ? ಅದಿದ್ದರೆ ನಾನೇ ಕೆಲಸ ಒಪ್ಪಿಕೊಳ್ಳಬಹುದಾ?

ಉತ್ತರ:
ಇನ್ನೂ ಕಟ್ಟಿಲ್ಲ ಅಲ್ವಾ? ಹಾಗಾದರೆ ಸ್ವಲ್ಪ ತಡೆಯಿರಿ.

ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಸರ್ಟಿಫಿಕೇಟ್ ಅಂದರೆ ಕಲಿತಿದ್ದಕ್ಕೆ ಸಿಗುವ ಕಾಗದ, ಲೈಸೆನ್ಸ್ ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ. ಇಡೀ ಅಮೆರಿಕಕ್ಕೆ ಅನ್ವಯಿಸುವ ಮೋಲ್ಡ್ ಲೈಸೆನ್ಸ್ ಅಂತ ಒಂದಿಲ್ಲ. ಪರಿಸರ ಇಲಾಖೆ ಇಪಿಎ ಮಾರ್ಗದರ್ಶಿ ಕೊಡುತ್ತದೆ, ಆದರೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ‘ಇಪಿಎ ಸರ್ಟಿಫೈಡ್ ಮೋಲ್ಡ್ ಕೋರ್ಸ್’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಲೈಸೆನ್ಸ್ ವಿಷಯ ಆಯಾ ರಾಜ್ಯಕ್ಕೆ ಬಿಟ್ಟದ್ದು. ಟೆಕ್ಸಾಸ್‌ನಲ್ಲಿ ಕಾನೂನು ಬಿಗಿ ಇದೆ. 2001ರಲ್ಲಿ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಊರಿನ ಒಂದು ಮನೆಯ ಬೂಷ್ಟಿನ ಕೇಸಿನಲ್ಲಿ ಜ್ಯೂರಿ 3.2 ಕೋಟಿ ಡಾಲರ್ ಪರಿಹಾರ ಹೇಳಿತು. ಮೇಲ್ಮನವಿಯಲ್ಲಿ ಅದು ತುಂಬಾ ಇಳಿಯಿತು, ಆದರೆ ರಾಜ್ಯವೆಲ್ಲ ಅದೇ ಮಾತಾಗಿತ್ತು. 2003ರಲ್ಲಿ ಲೈಸೆನ್ಸ್ ಕಾನೂನು ಬಂತು. ಈಗ ಅದನ್ನು ನೋಡಿಕೊಳ್ಳುವುದು ಟಿಡಿಎಲ್‌ಆರ್, ಅಂದರೆ ಟೆಕ್ಸಾಸ್ ರಾಜ್ಯದ ಲೈಸೆನ್ಸ್ ಇಲಾಖೆ.

ನೀವು ಶುರು ಮಾಡಬೇಕಾದ್ದು ‘ರೆಮೆಡಿಯೇಶನ್ ವರ್ಕರ್’, ಅಂದರೆ ಬೂಷ್ಟು ತೆಗೆಯುವ ಕೆಲಸಗಾರ, ಅಂತ ನೋಂದಣಿ ಮಾಡಿಸುವುದರಿಂದ. ಟಿಡಿಎಲ್‌ಆರ್ ಒಪ್ಪಿದ ಕಡೆ 4 ಗಂಟೆಯ ತರಬೇತಿ ಸಾಕು. ಆದರೆ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಕೈಕೆಳಗೇ ದುಡಿಯಬೇಕು. ಸ್ವಂತವಾಗಿ ಕೆಲಸ ಒಪ್ಪಿಕೊಳ್ಳಲು ‘ರೆಮೆಡಿಯೇಶನ್ ಕಂಟ್ರ್ಯಾಕ್ಟರ್’ ಲೈಸೆನ್ಸ್ ಬೇಕು. ಅದಕ್ಕೆ 40 ಗಂಟೆಯ ಕೋರ್ಸ್, ರಾಜ್ಯದ ಪರೀಕ್ಷೆ, ಓದಿಗೆ ತಕ್ಕಷ್ಟು ವರ್ಷದ ಅನುಭವ, 10 ಲಕ್ಷ ಡಾಲರ್‌ನ ವಿಮೆ. ನಿಮ್ಮ ಹಾಸನದ ಡಿಪ್ಲೊಮಾ, ಸೈಟ್ ಅನುಭವ ಎಷ್ಟು ಲೆಕ್ಕಕ್ಕೆ ಬರುತ್ತದೆ ಅಂತ ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ಇಲಾಖೆಗೆ ಬರೆದು ಕೇಳಿ. ಉತ್ತರ ಲಿಖಿತವಾಗಿ ಇಟ್ಟುಕೊಳ್ಳಿ.

ಒಂದೇ ಕಡೆ ಹರಡಿದ ಬೂಷ್ಟು 25 ಚದರ ಅಡಿಗಿಂತ ಕಡಿಮೆ ಇದ್ದರೆ ಲೈಸೆನ್ಸ್ ಬೇಡ. ಆದರೆ ಹೊರಗೆ ಅಂಗೈಯಷ್ಟು ಕಲೆ ಕಂಡು, ಶೀಟ್‌ರಾಕ್ (ಗೋಡೆಯ ಜಿಪ್ಸಮ್ ಹಲಗೆ) ಕೊಯ್ದ ಮೇಲೆ ಒಳಗೆ ಕಂಬಳಿ ಹಾಸಿದ ಹಾಗೆ ಹರಡಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ವಿನಾಯಿತಿ ನಂಬಿಕೊಂಡು ವ್ಯಾಪಾರ ಶುರು ಮಾಡಬೇಡಿ.

ಇನ್ನು ಸರ್ಟಿಫಿಕೇಟ್. ಕಂಪನಿಗಳು, ವಿಮೆಯವರು ಬೆಲೆ ಕೊಡುವುದು ಹೆಚ್ಚಾಗಿ ಐಐಸಿಆರ್‌ಸಿ ಅನ್ನೋ, ಈ ವೃತ್ತಿಯ ಸರ್ಟಿಫಿಕೇಟ್ ಕೊಡುವ ಖಾಸಗಿ ಸಂಸ್ಥೆಯದಕ್ಕೆ. ಮೊದಲು ನೀರು ಒಣಗಿಸುವುದನ್ನು ಕಲಿಸುವ ಡಬ್ಲ್ಯೂಆರ್‌ಟಿ, ಆಮೇಲೆ ಬೂಷ್ಟಿನ ಎಎಂಆರ್‌ಟಿ. ಈ ಕ್ರಮ ಸುಮ್ನೆ ಇಟ್ಟಿದ್ದಲ್ಲ. ನೀರಿಲ್ಲದೆ ಬೂಷ್ಟಿಲ್ಲ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುಪಾಲು ಬೂಷ್ಟು ಏಳುವುದೇ ಇಲ್ಲ.

ನಾನು 2017ರ ಹಾರ್ವಿ ಚಂಡಮಾರುತದ ನಂತರ ಈ ಕೆಲಸಕ್ಕೆ ಬಂದವನು. ಮೊದಲು ಸೇರಿದ ಕಡೆ ಬ್ಲೀಚ್ ಹೊಡೆದು, ಮೇಲೆ ಬಣ್ಣ ಬಳಿದು ಬಿಲ್ ಮಾಡುತ್ತಿದ್ದರು. ಮೂರು ತಿಂಗಳಿಗೆ ಅದೇ ಮನೆಗೆ ಮತ್ತೆ ಹೋದೆವು. ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಪುಟ್ಟ ಮಗು ರಾತ್ರಿಯಿಡೀ ಕೆಮ್ಮುತ್ತದೆ ಅಂತ ತಾಯಿ ಅತ್ತರು. ವಾಷಿಂಗ್ ಮೆಷಿನ್ ಹಿಂದಿನ ಪೈಪು ಇನ್ನೂ ಹನಿ ಹನಿಯಾಗಿ ಸೋರುತ್ತಿತ್ತು, ಅದನ್ನು ಯಾರೂ ನೋಡಿರಲಿಲ್ಲ. ಅವತ್ತೇ ಆ ಕೆಲಸ ಬಿಟ್ಟೆ.

ಅದಕ್ಕೇ ಹೇಳೋದು, ಕಲಿಸುವ ಕಂಪನಿ ನೋಡಿ ಸೇರಿ. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಕೆಲಸದ ಜಾಗಕ್ಕೆ ಪ್ಲಾಸ್ಟಿಕ್ ಕಟ್ಟಿ ನೆಗೆಟಿವ್ ಏರ್ ಮೆಷಿನ್, ಅಂದರೆ ಒಳಗಿನ ಗಾಳಿಯನ್ನು ಸೋಸಿ ಹೊರಗೆ ಎಳೆಯುವ ಯಂತ್ರ, ಇಡ್ತೀರಾ? ಸರಿಯಾಗಿ ಇಟ್ಟಿದ್ದರೆ ಆ ಹಾಳೆ ಒಳಮುಖಕ್ಕೆ ಸೆಳೆದುಕೊಂಡು ಬಿಗಿಯಾಗಿ ನಿಂತಿರುತ್ತದೆ. ಜೋಲು ಬಿದ್ದಿದ್ದರೆ ಧೂಳು ಮನೆಯವರ ಮಲಗುವ ಕೋಣೆಗೆ ಹೋಗ್ತಿದೆ ಅಂತ ಲೆಕ್ಕ. ಇನ್ನೊಂದು ಪ್ರಶ್ನೆ: ಪರೀಕ್ಷೆ ಮಾಡಿ ವರದಿ ಕೊಡುವವರು ಯಾರು? ‘ಅದೂ ನಾವೇ’ ಅಂದರೆ ಸೇರಬೇಡಿ. ಟೆಕ್ಸಾಸ್‌ನಲ್ಲಿ ಒಂದೇ ಮನೆಗೆ ತಪಾಸಣೆ, ತೆಗೆಯುವ ಕೆಲಸ ಎರಡನ್ನೂ ಒಬ್ಬರೇ ಮಾಡುವಂತಿಲ್ಲ.

ಟ್ಯಾಂಪಾದಿಂದ ಇನ್ನೊಬ್ಬ ಸದಸ್ಯೆ:
ಸರ್, ಫ್ಲೋರಿಡಾದಲ್ಲೂ ಇದೇ ನಿಯಮವಾ? ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಅವಳಿಗೂ ಆಸಕ್ತಿ ಇದೆ.

ಉತ್ತರ:
ಇಲ್ಲ ಮೇಡಂ. ಫ್ಲೋರಿಡಾದಲ್ಲೂ ಲೈಸೆನ್ಸ್ ಬೇಕು, ಆದರೆ ಅಲ್ಲಿ ವಿನಾಯಿತಿ 10 ಚದರ ಅಡಿವರೆಗೆ ಮಾತ್ರ. ನ್ಯೂಯಾರ್ಕ್‌ನಲ್ಲಿ 2016ರಿಂದ ಲೈಸೆನ್ಸ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮೋಲ್ಡ್‌ಗೇ ಅಂತ ರಾಜ್ಯದ ಲೈಸೆನ್ಸ್ ಇಲ್ಲ. ಹಾಗಾಗಿ ನಿಮ್ಮ ತಂಗಿಗೆ ಐಐಸಿಆರ್‌ಸಿ ಸರ್ಟಿಫಿಕೇಟ್ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಒಂದು ರಾಜ್ಯದ ಲೈಸೆನ್ಸ್ ಇನ್ನೊಂದು ರಾಜ್ಯದಲ್ಲಿ ತಾನಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಅಣ್ಣ. ಕೋರ್ಸ್ ಕೈಬಿಟ್ಟೆ. ಒಂದು ವಿಷಯ ಹೇಳಿರಲಿಲ್ಲ. ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಈಗ ಕಡಿಮೆಯಾಗಿದೆ. ಕಂಪನಿಗೆ ಹೇಳಿದರೆ ತಗೋತಾರಾ?

ಉತ್ತರ:
ದಯವಿಟ್ಟು ಮುಚ್ಚಿಡಬೇಡಿ. ಉಬ್ಬಸ ಇರುವವರಿಗೆ ಬೂಷ್ಟಿನ ಧೂಳು ಬೇಗ ತಾಗುತ್ತದೆ. ಕೆಲಸಕ್ಕೆ ರೆಸ್ಪಿರೇಟರ್, ಅಂದರೆ ಉಸಿರಾಡುವ ಗಾಳಿ ಸೋಸುವ ಮಾಸ್ಕ್, ಕಡ್ಡಾಯವಾದಾಗ ಹಾಕುವ ಮೊದಲು ವೈದ್ಯಕೀಯ ತಪಾಸಣೆ ಆಗಲೇಬೇಕು. ಇದು ಕೆಲಸಗಾರರ ಸುರಕ್ಷತೆ ನೋಡುವ ಕೇಂದ್ರ ಇಲಾಖೆ ಓಶಾದ ನಿಯಮ, ಖರ್ಚು ಕಂಪನಿಯದು. ನೀವು ತುಂಬುವ ಪ್ರಶ್ನಾವಳಿ ಗುಟ್ಟಾಗಿರುತ್ತದೆ, ನಿಮ್ಮ ಉತ್ತರವನ್ನು ಮೇಸ್ತ್ರಿ ಓದುವಂತಿಲ್ಲ. ಆಮೇಲೆ ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ಫಿಟ್ ಟೆಸ್ಟ್, ಅದು ವರ್ಷಕ್ಕೊಮ್ಮೆ. ಗಡ್ಡ ಇದ್ದರೆ ಬಿಗಿ ಮಾಸ್ಕ್ ಕೂರುವುದಿಲ್ಲ, ಎರಡು ದಿನದ ಕುರುಚಲೂ ಸಂದು ಬಿಡುತ್ತದೆ.

ಮೊದಲು ನಿಮ್ಮ ಡಾಕ್ಟರನ್ನೇ ಕಾಣಿ. ಅವರು ಬೇಡ ಅಂದರೆ ಬೇಡ. ಇದೇ ಕಂಪನಿಗಳಲ್ಲಿ ರಿಪೇರಿಯ ಅಳತೆ ತೆಗೆದು ಎಸ್ಟಿಮೇಟ್ ಬರೆಯುವ ಕೆಲಸವೂ ಇದೆ, ಸಿವಿಲ್ ಓದಿ ಸೈಟ್ ನೋಡಿದವರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ. ಮುಂದೇನು ಅಂತ ಆಮೇಲೆ ನೋಡೋಣ.