ಸಹಾಯ ಬೇಕು: ಬಿಸ್ಕೆಟ್ ಹಿಟ್ಟಿನ ಡಬ್ಬಿ ‘ಢಬ್’ ಅನ್ನದ ಹಾಗೆ ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್‌ನಲ್ಲಿ. ಇಲ್ಲಿ ಅಂಗಡಿ ಫ್ರಿಜ್‌ನಲ್ಲಿ ಸಿಗುತ್ತಲ್ಲ, ರಟ್ಟಿನ ಕೊಳವೆಯಲ್ಲಿ ತುಂಬಿದ ಬಿಸ್ಕೆಟ್ ಹಿಟ್ಟು? ನಮ್ಮ ಟೀ ಬಿಸ್ಕೆಟ್ ಅಲ್ಲ, ಮೆತ್ತಗೆ ಬನ್ನಿನಂಥದ್ದು. ಮಗನಿಗೆ ಅದಂದ್ರೆ ಪ್ರಾಣ, ನನಗೆ ಪ್ರಾಣಸಂಕಟ.

ಮೇಲಿನ ಕಾಗದ ಸುಲೀತಾ ಹೋದ ಹಾಗೆ ಎದೆ ಡವಡವ. ಒಮ್ಮೊಮ್ಮೆ ಅರ್ಧಕ್ಕೇ ಢಬ್! ಒಮ್ಮೊಮ್ಮೆ ಪೂರ್ತಿ ಸುಲಿದರೂ ಸುಮ್ಮನಿರುತ್ತೆ, ಆಗ ಓರೆಯಾಗಿ ಸುತ್ತಿರೋ ಗೆರೆ ಮೇಲೆ ಚಮಚದಿಂದ ಒತ್ತಬೇಕು. ಕಣ್ಣು ಮುಚ್ಚಿಕೊಂಡೇ ಒತ್ತೋದು ನಾನು. ದಿನಾ ಕುಕ್ಕರ್ ಸೀಟಿ ಕೇಳಿದ ನಮ್ಮತ್ತೆ ಮೊನ್ನೆ ಈ ಸದ್ದಿಗೆ ಕಾಫಿ ಲೋಟ ಕೈಬಿಟ್ಟರು!

ಕಾರಣ ಗೊತ್ತು. ಹಿಟ್ಟಲ್ಲಿರೋ ಸೋಡಾ, ಹುಳಿ ಅಂಶ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ, ಹೋಗೋಕೆ ಜಾಗ ಇಲ್ಲದೆ ಒಳಗೇ ಒತ್ತಡ ಕಟ್ಟುತ್ತೆ. ಹಿಟ್ಟನ್ನ ಹೀಗೆ ಕೊಳವೆಯಲ್ಲಿ ತುಂಬಿಡೋದು ಇಲ್ಲಿನ ಲೂಯಿವಿಲ್ ಅನ್ನೋ ಊರಿನ ಲೈವ್ಲಿ ವಿಲ್ಲೋಬಿ ಅನ್ನೋರು 1931ರಲ್ಲೇ ಪೇಟೆಂಟ್ ಪಡೆದ ಉಪಾಯವಂತೆ. ಪುಣ್ಯಾತ್ಮ, ಒಂದು ಮುಚ್ಚಳ ಇಟ್ಟಿದ್ರೆ ಏನಾಗ್ತಿತ್ತೋ!

ಟವೆಲ್ ಸುತ್ತಿ ನೋಡಿದೆ, ಸದ್ದು ತುಸು ಕಮ್ಮಿ, ಭಯ ಅಷ್ಟೇ. ಮೊದಲು ಸೂಜಿಯಿಂದ ಸಣ್ಣ ತೂತು ಮಾಡಿದ್ರೆ ಗಾಳಿ ಮೆಲ್ಲಗೆ ಹೋಗುತ್ತಾ? ಯಾರಾದ್ರೂ ಮಾಡಿ ನೋಡಿದ್ದೀರಾ? ‘ಗಂಡನ ಕೈಗೆ ಕೊಡಿ’ ಅನ್ನಬೇಡಿ, ಅವರು ಆಗಲೇ ಹಾಲ್‌ಗೆ ಓಡಿರ್ತಾರೆ.