ಕುರಿ ಕಾಯಬೇಕಾದ ನಾಯಿ ಕುರಿಯನ್ನೇ ಕಚ್ಚುತ್ತಿದೆ: ತರಬೇತಿ ಎಲ್ಲಿಂದ ಶುರು ಮಾಡಲಿ?

ಬನವಾಸಿ ಕುರಿಮನೆ:

ಎಲ್ಲರಿಗೂ ನಮಸ್ಕಾರ. ಬನವಾಸಿ ಹತ್ತಿರ ವರದಾ ನದಿ ಕಡೆ ನಮ್ಮ ಗದ್ದೆ. ಇಪ್ಪತ್ತರಷ್ಟು ಕುರಿ ಇವೆ. ಒಂದೂವರೆ ವರ್ಷದ ಬಾರ್ಡರ್ ಕೋಲಿ (ಕುರಿ ನಡೆಸುವ ಜಾತಿ) ಹೆಣ್ಣುನಾಯಿ ಇದೆ, ಹೆಸರು ಚುಕ್ಕಿ. ಮನೆಯಲ್ಲಿ ಹೇಳಿದ ಮಾತು ಕೇಳುತ್ತದೆ. ಕೂರು ಅಂದರೆ ಕೂರುತ್ತದೆ, ಬಾ ಅಂದರೆ ಬರುತ್ತದೆ. ಕುರಿ ಕಂಡರೆ ಮಾತ್ರ ಬೇರೆಯೇ ನಾಯಿ. ತಲೆ ತಗ್ಗಿಸಿ, ಮೈ ನೆಲಕ್ಕೆ ಹತ್ತಿಸಿ, ದಿಟ್ಟಿಸಿ ನೋಡುತ್ತದೆ. ಆಮೇಲೆ ಒಮ್ಮೆಗೇ ಹಿಂಡಿನ ನಡುವೆ ನುಗ್ಗುತ್ತದೆ. ಕುರಿಗಳೆಲ್ಲ ದಿಕ್ಕಾಪಾಲು. ಒಂದನ್ನು ಬೇರೆ ಮಾಡಿ, ಅಟ್ಟಿಸಿಕೊಂಡು ಹೋಗಿ ಹಿಂಗಾಲು ಹಿಡಿಯುತ್ತದೆ. ನಿನ್ನೆ ಒಂದು ಕುರಿಯ ತೊಡೆಗೆ ಹಲ್ಲು ತಾಗಿದೆ. ನಾನು ಕೂಗಿದಷ್ಟೂ ಅದರ ಓಟ ಜೋರಾಗುತ್ತದೆ.

ಊರಲ್ಲಿ ಒಬ್ಬರು ಕಟ್ಟಿ ಹಾಕಿ ಬಾರಿಸಿ ಅಂದರು. ಇನ್ನೊಬ್ಬರು, ರಕ್ತದ ರುಚಿ ಕಂಡ ನಾಯಿ, ಇನ್ನು ಉಪಯೋಗವಿಲ್ಲ ಅಂದರು. ಎರಡೂ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಹಿಂಡಲ್ಲಿ ಗಬ್ಬದ ಕುರಿಗಳೂ ಇವೆ, ಅದೇ ಹೆದರಿಕೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಂಡಗೋಡ ಹಟ್ಟಿ:

ಮೊದಲು ಆ ಕುರಿ ನೋಡಿ ಮಾರಾಯ್ರೆ. ನಾಯಿ ಹಲ್ಲಿನ ಗಾಯ ಮೇಲಿಂದ ಸಣ್ಣ ತೂತಿನಂತೆ ಕಾಣುತ್ತದೆ, ಒಳಗೆ ಆಳ ಇರುತ್ತದೆ. ಸುತ್ತಲಿನ ಉಣ್ಣೆ ಕತ್ತರಿಸಿ, ಚೆನ್ನಾಗಿ ತೊಳೆದು, ಪಶುವೈದ್ಯರಿಗೆ ತೋರಿಸಿ. ಬಿಟ್ಟರೆ ನೊಣ ಕೂತು ಹುಳ ಆಗುತ್ತದೆ. ಚುಕ್ಕಿಗೆ ರೇಬೀಸ್ ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ಈಗ ನಾಯಿ ವಿಷಯ. ರಕ್ತದ ರುಚಿಗೂ ಇದಕ್ಕೂ ಸಂಬಂಧವಿಲ್ಲ. ತೋಳ ಬೇಟೆಯಾಡುವಾಗ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಕುರಿಗಾಹಿಗಳು ತಲೆಮಾರುಗಳ ಕಾಲ ನಾಯಿ ಆರಿಸಿ ಆರಿಸಿ ಇದರಲ್ಲಿ ಮೊದಲಿನದನ್ನು ಬಲಪಡಿಸಿದರು, ಕೊನೆಯದನ್ನು ಕುಗ್ಗಿಸಿದರು. 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿ ಬೊಗಳದೆ, ಬರೀ ಕಣ್ಣಿನಿಂದಲೇ ಕುರಿ ನಡೆಸುತ್ತಿತ್ತು. ಇಂದಿನ ಬಾರ್ಡರ್ ಕೋಲಿಗಳ ವಂಶ ಹುಡುಕಿದರೆ ಹೆಚ್ಚಿನವು ಅದಕ್ಕೇ ಹೋಗಿ ಮುಟ್ಟುತ್ತವೆ. ಚುಕ್ಕಿ ದಿಟ್ಟಿಸುವುದು, ತಗ್ಗುವುದು ಅದರ ರಕ್ತದಲ್ಲೇ ಇದೆ. ಅದನ್ನು ಹೊಡೆದು ಅಡಗಿಸಿದರೆ ಕೆಲಸವೂ ಹೋಗುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಾಗಾದರೆ ಕಚ್ಚುವುದು ಯಾಕೆ? ತುಂಬಾ ಹತ್ತಿರ ಬಂದಿರುವುದಕ್ಕೆ. ಪ್ರತಿ ಕುರಿಗೂ ನಾಯಿಯಿಂದ ಇಂತಿಷ್ಟು ದೂರ ಬೇಕು. ನಾಯಿ ಆ ಅಂಚಲ್ಲಿ ನಿಂತರೆ ಕುರಿ ನಿಧಾನ ನಡೆಯುತ್ತದೆ. ಒಳಗೆ ಬಂದರೆ ಓಡುತ್ತದೆ. ಓಡುವ ಕುರಿ ಕಂಡು ನಾಯಿ ಇನ್ನೂ ಕೆರಳುತ್ತದೆ. ಅದರ ಮೇಲೆ ನಮ್ಮ ಕೂಗು ಬೇರೆ.

ಇಂದಿನಿಂದ ಚುಕ್ಕಿ ಒಂಟಿಯಾಗಿ ಕುರಿ ಹತ್ತಿರ ಹೋಗಲೇಬಾರದು. ಇದು ಗಟ್ಟಿ ಮಾತು. ಒಮ್ಮೆ ಅಟ್ಟಿದರೆ ಆ ಓಟವೇ ಅದಕ್ಕೆ ಬಹುಮಾನ. ನಿಮ್ಮ ಬಿಸ್ಕತ್ತು ಅದರ ಮುಂದೆ ಏನೂ ಅಲ್ಲ. ಇದೇ ಮಾತನ್ನು ತಿರುಗಿಸಿ ನಮಗೆ ಬೇಕಾದ ಹಾಗೆ ಬಳಸಬೇಕು. ನಿಂತರೆ ಕುರಿ ಸಿಗುತ್ತದೆ, ನುಗ್ಗಿದರೆ ಕುರಿ ಹೋಗುತ್ತದೆ. ಇಷ್ಟು ಅದಕ್ಕೆ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಅಂಗಳದಲ್ಲಿ, ಕುರಿ ಇಲ್ಲದೆ, ಓಡುತ್ತಿರುವಾಗಲೇ "ನಿಲ್ಲು" ಅಂದರೆ ನಿಲ್ಲುವುದು ಬರಲಿ. ಕೂತಿರುವಾಗ ಮಾತು ಕೇಳಿದ್ದು ಲೆಕ್ಕಕ್ಕಿಲ್ಲ. ಆಮೇಲೆ ನಾಲ್ಕೈದು ಸಮಾಧಾನದ, ಬೆಳೆದ ಕುರಿಗಳನ್ನು ಬೇಲಿಯೊಳಗೆ ಬಿಡಿ. ಗಬ್ಬದವು, ಮರಿಗಳು ಬೇಡವೇ ಬೇಡ. ನೀವು ಕುರಿ ಜೊತೆ ಒಳಗೆ, ಚುಕ್ಕಿ ಬೇಲಿ ಹೊರಗೆ ಉದ್ದ ಹಗ್ಗದಲ್ಲಿ. ಹಗ್ಗದ ತುದಿಯಲ್ಲಿ ಗಂಟು ಬೇಡ, ಪೊದೆಗೆ ಸಿಕ್ಕಿಕೊಳ್ಳುತ್ತದೆ. ನೀವು ಒಳಗೆ ನಡೆದ ಹಾಗೆ ಅದು ಹೊರಗೆ ಸುತ್ತುತ್ತದೆ. ಗಮನಿಸಿ, ತಾನಾಗಿ ನಿಮ್ಮ ಎದುರು ಬದಿಗೆ ಹೋಗಿ ನಿಲ್ಲಲು ನೋಡುತ್ತದೆ. ಕುರಿ ನಡುವೆ, ನೀವು ಈಚೆ, ನಾಯಿ ಆಚೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ, ಕುರಿಯನ್ನು ನಿಮ್ಮ ಕಡೆ ತರುವ ಹುಟ್ಟುಗುಣ ಅದು. ಆ ಜಾಗಕ್ಕೆ ಬಂದ ಕ್ಷಣ "ನಿಲ್ಲು" ಅನ್ನಿ. ನಿಂತರೆ ಮತ್ತೆ ಸುತ್ತಲು ಬಿಡಿ. ಅದೇ ಬಹುಮಾನ.

ಹಳಿಯಾಳ ಹೊಲ:

ನಮ್ಮ ಕಡೆ ಬೆಳಗಾವಿ, ಧಾರವಾಡದಿಂದ ಕುರುಬರು ಹಿಂಡು ತಂದು ಹೊಲದಲ್ಲಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ. ಅವರ ನಾಯಿ ಕುರಿ ತಂಟೆಗೇ ಹೋಗಲ್ಲ. ಅಂಥ ನಾಯಿ ಸಾಕಬಾರದಾ? ಇಲ್ಲದಿದ್ದರೆ ಕುತ್ತಿಗೆಗೆ ಶಾಕ್ ಕೊಡುವ ಕರೆಂಟ್ ಬೆಲ್ಟ್ ಹಾಕಿ ನೋಡಿ.

ಮುಂಡಗೋಡ ಹಟ್ಟಿ:

ಅಣ್ಣ, ಅವು ಕಾವಲು ನಾಯಿಗಳು. ಮರಿ ಇದ್ದಾಗಿನಿಂದ ಕುರಿ ನಡುವೆ ಬೆಳೆದಿರುತ್ತವೆ, ರಾತ್ರಿ ತೋಳ, ಕಳ್ಳರ ಮೇಲೆ ಬೊಗಳುತ್ತವೆ. ಕುರಿ ನಡೆಸುವುದು ಕುರುಬರೇ. ಚುಕ್ಕಿಯದು ಬೇರೆ ಕೆಲಸ. ಅದನ್ನು ರಾತ್ರಿ ದೊಡ್ಡಿ ಕಾಯಲು ಹೊರಗೆ ಕಟ್ಟಲೂಬಾರದು. ಶಿರಸಿ, ಯಲ್ಲಾಪುರ ಕಡೆ ಚಿರತೆ ಮೊದಲು ಎತ್ತುವುದೇ ನಾಯಿಯನ್ನು.

ಕರೆಂಟ್ ಬೆಲ್ಟ್ ದಯವಿಟ್ಟು ಬೇಡ. ನೋವು ಬಂದಾಗ ಎದುರಿಗೆ ಕಾಣುವುದು ಕುರಿ. ಒಂದೋ ಕುರಿ ಕಂಡರೆ ಹೆದರುತ್ತದೆ, ಇಲ್ಲವೇ ಸಿಟ್ಟಲ್ಲಿ ಇನ್ನೂ ಜೋರು ಕಚ್ಚುತ್ತದೆ.

ಸದಾಶಿವಗಡ:

ನಮ್ಮದೂ ಇದೇ ಜಾತಿ, ಆದರೆ ಕುರಿಯೇ ಇಲ್ಲ. ಕಾರವಾರದ ಟ್ಯಾಗೋರ್ ಬೀಚಿಗೆ ಕರೆದುಕೊಂಡು ಹೋದರೆ ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ರಸ್ತೆಯಲ್ಲಿ ಬೈಕು ಅಟ್ಟುತ್ತದೆ. ಚೆಂಡು ಎಸೆದು ಸುಸ್ತು ಮಾಡಿಸಿದರೂ ಸಂಜೆಗೆ ಮತ್ತೆ ಅದೇ.

ಮುಂಡಗೋಡ ಹಟ್ಟಿ:

ಅಕ್ಕ, ಚೆಂಡು ಎಸೆದಷ್ಟೂ ಅಟ್ಟುವ ಚಟ ಬೆಳೆಯುತ್ತದೆ. ದೇಹ ದಣಿದರೂ ತಲೆ ದಣಿಯಲ್ಲ. ಲೇಸರ್ ಬೆಳಕು ಅಂತೂ ಬೇಡ, ಆಮೇಲೆ ನೆರಳು, ಬೆಳಕು ಕಂಡಲ್ಲೆಲ್ಲ ಹುಚ್ಚಾಗಿ ಓಡುತ್ತದೆ. ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸಿ. ದೊಡ್ಡ ಚೆಂಡನ್ನು ಮೂಗಿನಿಂದ ತಳ್ಳಿ ನಿಮ್ಮ ಕಡೆ ತರುವುದನ್ನು ಕಲಿಸಿ, ಕುರಿ ತರುವುದಕ್ಕೆ ಬಹಳ ಹತ್ತಿರದ ಕೆಲಸ ಅದು. ಮಕ್ಕಳಿರುವ ಕಡೆ ಹಗ್ಗ ಬಿಚ್ಚಬೇಡಿ. ಬೈಕು ದೂರ ಇರುವಾಗಲೇ, ಕಿವಿ ನೆಟ್ಟಗಾದ ಕೂಡಲೇ ಕರೆಯಿರಿ. ಓಡಲು ಶುರುವಾದ ಮೇಲೆ ಕರೆದು ಪ್ರಯೋಜನವಿಲ್ಲ.

ಬನವಾಸಿ ಕುರಿಮನೆ:

ಕುರಿ ಗಾಯ ಒಣಗುತ್ತಿದೆ. ಬೇಲಿ ಹೊರಗೆ ಸುತ್ತುವುದು ಚುಕ್ಕಿಗೆ ಬಂತು, ನಿಲ್ಲುವುದೂ ಬಂತು! ನಿಜವಾಗಿ ಖುಷಿಯಾಯಿತು. ಆದರೆ ಬರೀ ಎಡಕ್ಕೆ ಸುತ್ತುತ್ತದೆ. ಬಲಕ್ಕೆ ಕಳಿಸಿದರೆ ಅರ್ಧಕ್ಕೆ ತಿರುಗುತ್ತದೆ. ಒಳಗೆ ಬಿಡುವುದು ಯಾವಾಗ? ಮಳೆಗಾಲದಲ್ಲಿ ನಿಲ್ಲಿಸಬೇಕಾ?

ಮುಂಡಗೋಡ ಹಟ್ಟಿ:

ಒಳ್ಳೆಯ ಸುದ್ದಿ! ಒಂದೇ ಬದಿ ಇಷ್ಟಪಡುವುದು ಸಾಮಾನ್ಯ, ನಮಗೆ ಬಲಗೈ ರೂಢಿ ಇದ್ದ ಹಾಗೆ. ಪ್ರತಿ ಸಲ ಬಲದಿಂದಲೇ ಶುರು ಮಾಡಿ. ಎಡಕ್ಕೆ ತಿರುಗುವ ಮೊದಲೇ ನೀವು ಆ ದಾರಿಗೆ ಅಡ್ಡ ಬನ್ನಿ. ಎರಡೂ ಬದಿ ಸರಿಯಾಗಿ, ಓಡುವಾಗ ನಿಲ್ಲುವುದು ಪ್ರತಿ ಸಲ ಆದ ಮೇಲೆ ಒಳಗೆ ಬಿಡಿ. ಕೊಯ್ಲಾದ ಗದ್ದೆ ಒಳ್ಳೆಯದು, ಇಕ್ಕಟ್ಟಿನ ಮೂಲೆ ಬೇಡ. ಮೂಲೆಯಲ್ಲೇ ಕಚ್ಚುವುದು ಜಾಸ್ತಿ. ಬಿದಿರು ಗಳಕ್ಕೆ ಬಟ್ಟೆ ಕಟ್ಟಿ ಹಿಡಿಯಿರಿ, ಹೊಡೆಯಲು ಅಲ್ಲ. ಚುಕ್ಕಿ ಸುತ್ತು ಬಿಟ್ಟು ಕುರಿ ಕಡೆ ಒಳಕ್ಕೆ ಬಂದರೆ, ಅದರ ಭುಜದ ನೇರಕ್ಕೆ ಗಳ ಚಾಚಿ ಹೊರಗೆ ಸರಿಸಲು. ಅದು ಆಚೆ ಬದಿ ನಿಂತಾಗ ನೀವು ಹಿಂದೆ ಹಿಂದೆ ನಡೆಯಿರಿ, ಕುರಿ ನಿಮ್ಮ ಕಡೆ ಬರುತ್ತವೆ. ಚೆನ್ನಾಗಿ ಮಾಡುತ್ತಿರುವಾಗಲೇ "ಸಾಕು" ಅಂದು ಕರೆದುಕೊಳ್ಳಿ. ಬೆಳಗಿನ ತಂಪಲ್ಲಿ ಹತ್ತು ಹದಿನೈದು ನಿಮಿಷ ಸಾಕು. ನಮ್ಮ ಸೆಖೆಗೆ ಈ ದಪ್ಪ ಕೂದಲಿನ ನಾಯಿ ಬೇಗ ಕುಸಿಯುತ್ತದೆ, ತಾನಾಗಿ ನಿಲ್ಲುವುದೂ ಇಲ್ಲ. ನಾಲಿಗೆ ಅಗಲವಾಗಿ ಹೊರಬಂದರೆ ತಕ್ಷಣ ನಿಲ್ಲಿಸಿ, ನೀರು ಹಾಕಿ.

ಚುಕ್ಕಿ ಕುರಿಯನ್ನು ಹಿಡಿದು ಕೊಡವಿದರೆ, ಬಿಡಿಸಲು ಹೋದರೂ ಬಿಡದಿದ್ದರೆ ಮಾತ್ರ ಕುರಿ ಕೆಲಸ ನಿಲ್ಲಿಸಿ, ತಿಳಿದವರಿಗೆ ಎದುರಿಗೆ ತೋರಿಸಿ.

ಮಳೆಗಾಲದಲ್ಲಿ ಕೆಸರು ಗದ್ದೆಗೆ ಕುರಿ ಇಳಿಸಬೇಡಿ, ಗೊರಸು ಕೊಳೆಯುತ್ತದೆ. ಅಂಗಳದ ಪಾಠ ಮುಂದುವರಿಸಿ. ಇನ್ನೊಂದು, ಕುರಿಗೆ ಹುಳದ ಔಷಧಿ ಐವರ್‌ಮೆಕ್ಟಿನ್ ಕೊಡುವುದಿದ್ದರೆ ಎಚ್ಚರ. ಕೋಲಿ ಜಾತಿಯ ಕೆಲವು ನಾಯಿಗಳಿಗೆ ಅದು ಮಿದುಳಿಗೆ ಹೋಗಿ ವಿಷವಾಗುತ್ತದೆ. ಬಾರ್ಡರ್ ಕೋಲಿಯಲ್ಲಿ ಅಪರೂಪ, ಆದರೂ ಇದೆ. ಔಷಧಿ ಕೊಟ್ಟ ಕುರಿಯ ಹಿಕ್ಕೆ ತಿಂದರೂ ಸಾಕು. ಎಷ್ಟು ದಿನ ದೂರ ಇಡಬೇಕು ಅಂತ ವೈದ್ಯರನ್ನು ಮೊದಲೇ ಕೇಳಿ. ಅಷ್ಟು ದಿನ ಚುಕ್ಕಿಯನ್ನು ದೊಡ್ಡಿಗೆ ಬಿಡಬೇಡಿ.